ಇನ್ನೂ ಎರಡು ಭೋಂಗಾ ಬಾಕಿ

ಬೆಳಿಗ್ಗೆ ಹತ್ತು ಗಂಟೆ ಎಂಟು ನಿಮಿಷ. ಪಣಜಿಯಲ್ಲಿ ಹಡಗು ಹತ್ತುವ ಧಕ್ಕೆಯ ಮೇಲೆ ನಿಂತಿದ್ದ ನನ್ನ ಮಾವನವರ ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಗಿಯಾಗತೊಡಗಿದ್ದು ಆಗ. ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಿದರೆ ನನ್ನ ಮುಖ ಕೆಂಪಾಗುತ್ತದೆ. ಆ ಹೊತ್ತಿನಲ್ಲಿ ನಾನು ಗಡಿಯಾರ ನೋಡುತ್ತಿದ್ದೆ. ಹೆಣ್ಣು ಕೊಟ್ಟ ಮಾವ ನೀರುಪಾಲಾಗುವುದರಲ್ಲಿದ್ದಾರೆ, ಅಳಿಯ ಅವರೇ ಮದುವೆಯಲ್ಲಿ ಕೊಟ್ಟ ಕೈಗಡಿಯಾರವನ್ನು ಬಿಸಿಲಿಗೆ ಹಿಡಿದು ನಿಮಿಷದ ಮುಳ್ಳು ಎಲ್ಲಿದೆ ಎಂದು ಪರೀಕ್ಷಿಸುತ್ತಿದ್ದಾನೆ. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತನಾಗಿ ಹನ್ನೊಂದು ವರ್ಷ ಕಳೆದವನಿಗೆ ಇದು ರೋಗದ ಹಾಗೆ ಅಂಟಿಕೊಳ್ಳುತ್ತದೆ. ಬಿ.ಎ. ಪಾಸಾಗಿದ್ದರೂ ವಾಸಿಯಾಗುವುದಿಲ್ಲ.

ಹಡಗಿನ ಪ್ರಯಾಣ ಮಾಡಿ ಬಂದ ಮೇಲೆ ದಾಂಡೇಲಿಯಲ್ಲಿ ನಾನೊಬ್ಬ ತಜ್ಞನಾಗಿಬಿಟ್ಟಿದ್ದೇನೆ. ಯಾರು ಪಣಜಿಯಿಂದ ಬೊಂಬಾಯಿಗೆ ಆಗಬೋಟಿನಲ್ಲಿ ಹೊರಟರೂ ಮೊದಲು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಏನೇನು ಒಯ್ಯಬೇಕು, ಹೇಗೆ ನಡೆದುಕೊಳ್ಳಬೇಕು? ನಾನು ಪೆನ್ನು ಕೆಳಗಿಟ್ಟು ಗಂಭೀರವಾಗಿ ಶುರು ಮಾಡುತ್ತೇನೆ. ನಿಂಬೆಹಣ್ಣು ಬೇಕು, ತಿನ್ನುವುದಕ್ಕಲ್ಲ, ಮೂಗಿಗೆ ಹಿಡಿಯುವುದಕ್ಕೆ. ಡೆಕ್ಕಿನ ಮೇಲೆ ಚಾಪೆ ಹಾಸಿಕೊಳ್ಳಿ, ಆದರೆ ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಇಡೀ ಬಂಧುಬಳಗಕ್ಕೆ ಜಾಗ ಹಿಡಿಯುವ ನಮ್ಮ ಪದ್ಧತಿಯನ್ನು ಅಲ್ಲಿ ಮಾಡಬೇಡಿ. ಸಮುದ್ರದ ಗಾಳಿ ಟವೆಲ್ಲನ್ನು ಎತ್ತಿ ಯಾರದೋ ಮುಖಕ್ಕೆ ಹೊದಿಸುತ್ತದೆ, ಜಗಳ ಬೊಂಬಾಯಿಯವರೆಗೂ ನಡೆಯುತ್ತದೆ. ತಾಟು ತೊಳೆದ ನೀರನ್ನು ಚೆಲ್ಲುವ ಮೊದಲು ಗಾಳಿ ಎತ್ತ ಬೀಸುತ್ತಿದೆ ನೋಡಿ. ಹೊಟ್ಟೆ ತೊಳಸಿದಾಗಲಂತೂ ಖಂಡಿತ ನೋಡಿ. ಹಡಗಿನ ಕೆಲಸದ ಖಲಾಸಿಗಳನ್ನು ಹತ್ತು ನಿಮಿಷಕ್ಕೊಮ್ಮೆ ಬೊಂಬಾಯಿ ಬಂತೇ ಎಂದು ಕೇಳಬೇಡಿ. ಪಕ್ಕದವರು ಊಟ ಮಾಡುವಾಗ ಹಡಗು ಮುಳುಗುವ ವಿಚಾರ ಎತ್ತಬೇಡಿ. ಇಷ್ಟು ಹೇಳಿ ನಿಲ್ಲಿಸುತ್ತೇನೆ. ಕೇಳುವವರು ಮಾತ್ರ ನಿಲ್ಲಿಸುವುದಿಲ್ಲ. "ಅದಿರ್ಲಿ, ಆ ಹಗ್ಗದ ಸುದ್ದಿ ಹೇಳ್ರೆಲಾ" ಅನ್ನುತ್ತಾರೆ.

ಸುದ್ದಿ ಹೇಳಬೇಕಾದರೆ ನಮ್ಮೂರಿನ ಭೋಂಗಾದಿಂದ, ಅಂದರೆ ಕಾರ್ಖಾನೆಯ ಸೈರನ್ನಿನಿಂದ, ಹೇಳಬೇಕು. ಪಾಳಿಯ ಹೊತ್ತಿಗೆ ನಮ್ಮ ಕಾಗದದ ಕಾರ್ಖಾನೆ ಮೂರು ಸಲ ಕೂಗುತ್ತದೆ. ಮೊದಲನೆಯದಕ್ಕೆ ಮನುಷ್ಯ ಮಗ್ಗುಲು ಬದಲಿಸುತ್ತಾನೆ, ಎರಡನೆಯದಕ್ಕೆ ಚಹಾ ಕುಡಿಯುತ್ತಾನೆ, ಮೂರನೆಯದಕ್ಕೆ ಸೈಕಲ್ಲು ಹತ್ತುತ್ತಾನೆ. ಮೊದಲ ಭೋಂಗಾಕ್ಕೇ ಓಡುವವನನ್ನು ಕಂಡರೆ ಹೊಸದಾಗಿ ಕೆಲಸಕ್ಕೆ ಸೇರಿದವನೆಂದು ಜನ ನಗುತ್ತಾರೆ. ನನ್ನ ಹೆಂಡತಿ ಸುಶೀಲೆ ಅನ್ನ ಬಸಿಯುವುದೂ, ಎದುರು ಮನೆಯವರು ಮಕ್ಕಳನ್ನು ಬೈದು ಎಬ್ಬಿಸುವುದೂ ಎರಡನೆಯ ಭೋಂಗಾಕ್ಕೇ. ಹೀಗಾಗಿ ಏನೇ ಕೂಗಿದರೂ ಇನ್ನೂ ಎರಡು ಬಾಕಿ ಇವೆ ಎಂಬ ನಂಬಿಕೆ ನಮ್ಮ ರಕ್ತದಲ್ಲಿ ಇಳಿದುಹೋಗಿದೆ.

ಬೊಂಬಾಯಿಯಲ್ಲಿರುವ ಸುಶೀಲೆಯ ಅಕ್ಕನ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ರೈಲಿನಲ್ಲಿ ಹೋಗೋಣವೆಂದು ನಾನು ಹೇಳಿದೆ. ಮಾವ ಒಪ್ಪಲಿಲ್ಲ. ಅವರು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ನಲವತ್ತು ವರ್ಷ ಲಾರಿಗಳಿಗೆ ದಿಮ್ಮಿ ಹೇರಿಸಿ, ಹಗ್ಗ ಬಿಗಿಸಿ, ಆಗಷ್ಟೇ ನಿವೃತ್ತರಾಗಿ ಮುಂಡಗೋಡದ ಹತ್ತಿರದ ಪಾಳಾದಲ್ಲಿ ಹೊಲ ನೋಡಿಕೊಂಡಿದ್ದರು. ಅವರು ಕಟ್ಟಿದ ಹೇರು ಯಾವ ಘಟ್ಟದಲ್ಲೂ ಒಂದು ಗೇಣು ಸರಿದದ್ದಿಲ್ಲ. ಇಷ್ಟು ವರ್ಷ ಕಾಳಿ ನದಿಯ ದಂಡೆಯಲ್ಲಿದ್ದು ಆ ನೀರು ಹೋಗಿ ಸೇರುವ ಜಾಗ ನೋಡದೆ ಸಾಯುವುದು ಅವರಿಗೆ ಸರಿ ಕಾಣಲಿಲ್ಲ. ಹಡಗೇ ಆಗಬೇಕು ಎಂದರು.

ಸಾಮಾನು ಕಟ್ಟುವಾಗಲೇ ನಮ್ಮ ಮನೆಯಲ್ಲಿ ಮೊದಲ ಬಿರುಗಾಳಿ ಎದ್ದಿತ್ತು. ಸುಶೀಲೆ ಟ್ರಂಕು, ಹಾಸಿಗೆ ಸುರುಳಿ, ನಲವತ್ತು ಜೋಳದ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ನೀರಿನ ತಂಬಿಗೆ ಎಲ್ಲವನ್ನೂ ಸಾಲಾಗಿ ಇಟ್ಟಳು. ಅಷ್ಟಕ್ಕೆ ಬಿಡದೆ ತರಕಾರಿ ಹೆಚ್ಚುವ ಇಳಿಗೆಮಣೆಯನ್ನೂ ತಂದಿಟ್ಟಳು. ಅಕ್ಕನ ಮನೆಯ ಇಳಿಗೆಗೆ ಹರಿತವಿಲ್ಲವಂತೆ. ಹಡಗಿಗೆ ಯಾರಾದರೂ ಇಳಿಗೆ ಒಯ್ಯುತ್ತಾರೆಯೇ ಎಂದು ನಾನು ಕಾಲೇಜಿನಲ್ಲಿ ಕಲಿತ ತರ್ಕವನ್ನೆಲ್ಲ ಬಳಸಿ ವಾದಿಸಿ ಗೆದ್ದೆ. ಅವಳು ಸೋತವಳಂತೆ ತಲೆಯಾಡಿಸಿ ಅದನ್ನು ಚೀಲದ ತಳದಲ್ಲಿ, ಎಲ್ಲ ಸೀರೆಗಳ ಕೆಳಗೆ, ಹುಗಿದಿಟ್ಟಳು.

ಪಣಜಿಯ ನದಿದಡದಲ್ಲಿ ಹಡಗನ್ನು ಕಂಡೆವು. ನಮ್ಮ ಕಾರ್ಖಾನೆಯ ಗೋದಾಮೇ ನೀರಿಗಿಳಿದು ಬಂದು ನಿಂತ ಹಾಗಿತ್ತು. ಹತ್ತುವ ಹಲಗೆ ಮಾತ್ರ ಇಕ್ಕಟ್ಟು. ಸಾವಿರ ಜನ ಒಮ್ಮೆಗೇ ನುಗ್ಗುತ್ತಿದ್ದರು. ಟ್ರಂಕು ಹೊತ್ತು ಆ ಗದ್ದಲದಲ್ಲಿ ಹತ್ತುವುದು ಸಾಧ್ಯವಿರಲಿಲ್ಲ. ಮಾವ ಒಂದು ಕ್ಷಣ ನೋಡಿದರು. ಅವರ ಕಣ್ಣಿಗೆ ಅದು ಹಡಗಾಗಿ ಕಾಣಲಿಲ್ಲ, ದೊಡ್ಡ ಲಾರಿಯಾಗಿ ಕಂಡಿತು. ತಮ್ಮ ಕೈಚೀಲದಿಂದ ಹಗ್ಗ ತೆಗೆದರು. ಟ್ರಂಕನ್ನೂ ರೊಟ್ಟಿಯ ಗಂಟನ್ನೂ ನಡುವೆ ಬಿಗಿದು ಒಂದು ತುದಿಯನ್ನು ನನ್ನ ಕೈಗಿತ್ತರು.

"ಅಳೇರ, ನೀವು ಮ್ಯಾಲ ಹೋಗಿ ಇದನ್ನ ಕಂಬಿಗೆ ಕಟ್ರಿ. ಮಂದಿ ಹತ್ತಿದ ಮ್ಯಾಲ ನೀವು ಎಳೀರಿ, ನಾ ಕೆಳಗಿಂದ ಕೊಡ್ತೇನಿ."

ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಸುತ್ತಿಕೊಂಡರು. ಇಳಿಜಾರಿನಲ್ಲಿ ದಿಮ್ಮಿ ಏರಿಸುವಾಗ ಅದು ಹಿಂದೆ ಜಾರದಂತೆ ಕೊನೆಯವನು ಹಾಗೆ ಮಾಡುತ್ತಾನಂತೆ. ನಾನೂ ಸುಶೀಲೆಯೂ ಹಾಸಿಗೆ ಮತ್ತು ಸೀರೆಯ ಚೀಲ ಹಿಡಿದು ಮೇಲೆ ಹೋದೆವು. ನಾನು ಹಗ್ಗವನ್ನು ಡೆಕ್ಕಿನ ಅಂಚಿನ ಕಂಬಿಗೆ ಕಟ್ಟಿದೆ. ಕಟ್ಟಿದೆ ಎಂಬುದು ದೊಡ್ಡ ಮಾತು. ನನ್ನ ಕೈಗೂ ಗಂಟಿಗೂ ಹುಟ್ಟಿನಿಂದ ಆಗಿಬಂದಿಲ್ಲ. ನನ್ನ ಬೂಟಿನ ಲೇಸು ಮನೆಯಿಂದ ಗೇಟಿನವರೆಗೆ ಎರಡು ಸಲ ಬಿಚ್ಚುತ್ತದೆ. ಮದುವೆಯ ದಿನ ಧೋತರ ಸಪ್ತಪದಿಯ ನಾಲ್ಕನೇ ಹೆಜ್ಜೆಗೇ ಕೈಕೊಟ್ಟು, ಉಳಿದ ಮೂರನ್ನು ನಾನು ಒಂದು ಕೈಯಲ್ಲಿ ಹೆಂಡತಿಯನ್ನೂ ಇನ್ನೊಂದು ಕೈಯಲ್ಲಿ ಧೋತರವನ್ನೂ ಹಿಡಿದು ಮುಗಿಸಿದ್ದೆ.

ಆಗ ಹಡಗು ಕೂಗಿತು. ಧಕ್ಕೆಯ ಮೇಲಿದ್ದ ಅಷ್ಟೂ ಜನ ಗಡಬಡಿಸಿ ಓಡಿದರು, ಮಾವನವರೊಬ್ಬರನ್ನು ಬಿಟ್ಟು. ಅವರು ಟ್ರಂಕಿನ ಮೇಲೆ ಕುಳಿತು ನಿಧಾನವಾಗಿ ಎಲೆ ಅಡಿಕೆಯ ಸಂಚಿ ಬಿಚ್ಚಿದರು. ಕತ್ತೆತ್ತಿ ನನ್ನ ಕಡೆ ನೋಡಿದರು. ನಾನು ಟೈಮ್ ಆಫೀಸಿನ ಸಂಪೂರ್ಣ ಅಧಿಕಾರದಿಂದ ಮೇಲಿನಿಂದ ಹೇಳಿದೆ:

"ಮಾವಾರ, ಅವಸರ ಬ್ಯಾಡ್ರಿ. ಇನ್ನೂ ಎರಡು ಭೋಂಗಾ ಬಾಕಿ ಐತಿ."

ಅವರು ಸಮಾಧಾನದಿಂದ ಎಲೆಗೆ ಸುಣ್ಣ ಸವರಿದರು. ಖಲಾಸಿಗಳು ಹಲಗೆ ಎಳೆದುಕೊಂಡರು. ನಾನು ಅದನ್ನು ಕಣ್ಣಾರೆ ಕಂಡೆ. ತೊಳೆಯುವುದಕ್ಕೆ ಎಳೆದಿರಬೇಕು ಅಂದುಕೊಂಡೆ. ಕಾಲ ಕೆಳಗಿನ ನೆಲ ಮೆಲ್ಲಗೆ ನಡುಗಿತು, ಹಡಗಿಗೂ ಧಕ್ಕೆಗೂ ನಡುವೆ ಒಂದು ಮೊಳ ನೀರು ಕಾಣಿಸಿತು. ಎರಡನೆಯ ಭೋಂಗಾ ಆಗದೆ ಇದು ಹೊರಟದ್ದು ಹೇಗೆ ಎಂದು ನಾನು ಗಡಿಯಾರ ನೋಡಿದೆ. ಹತ್ತು ಎಂಟು.

ಸುಶೀಲೆ ನನ್ನ ಮೊಣಕೈಗೆ ತಿವಿದಳು. "ಗಡಿಯಾರ ಏನ್ ನೋಡ್ತೀರಿ, ಹಗ್ಗ ನೋಡ್ರಿ."

ಹಗ್ಗ ನೀರಿನಿಂದ ಮೇಲೆದ್ದು ತಂತಿಯಂತೆ ಬಿಗಿಯಿತು. ಟ್ರಂಕು ಮಾವನವರನ್ನು ಮೇಲಿಟ್ಟುಕೊಂಡೇ ಸರ್ರನೆ ಜಾರಿತು. ಅವರು ಕೆಳಗುರುಳಿದರು. ರೊಟ್ಟಿಯ ಗಂಟು ಹರಿದು ನಲವತ್ತು ರೊಟ್ಟಿಗಳು ಒಂದೊಂದಾಗಿ ನೀರಿಗಿಳಿದವು. ಟ್ರಂಕು ಧಕ್ಕೆಯ ಅಂಚಿಗೆ ಬಂದು ಅರ್ಧ ಹೊರಚಾಚಿತು. ಮಾವ ಅದರ ಹಿಂದೆಯೇ, ಎರಡೂ ಹಿಮ್ಮಡಿಗಳನ್ನು ಕಲ್ಲಿನ ಸಂದಿಗೆ ಒತ್ತಿ, ಸೊಂಟದ ಗಂಟನ್ನು ಎರಡೂ ಕೈಯಿಂದ ತಡಕುತ್ತಿದ್ದರು. ಬಿಚ್ಚಲು ಬಾರದಂತೆ ಕಟ್ಟಿದ್ದು ಅವರೇ. ಎಳೆದಷ್ಟೂ ಬಿಗಿಯಾಗುವ, ಯಾವ ಘಟ್ಟದಲ್ಲೂ ಸಡಿಲದ ಅವರ ಗಂಟು. ಅವರ ಬಾಯಲ್ಲಿ ಎಲೆ ಇನ್ನೂ ಹಾಗೇ ಇತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಎಲೆ.

ಸುಶೀಲೆ ಚೀಲ ಸುರಿದು ಇಳಿಗೆಗಾಗಿ ಹುಡುಕುತ್ತಿದ್ದಳು. ಒಂದು ಸೀರೆ ಬಂತು, ಎರಡು ಬಂತು, ಮೂರು ಬಂತು. ಮೊದಲ ಸಲ ಹಡಗು ಹತ್ತುವವರೇ, ಇಳಿಗೆ ಒಯ್ಯಿರಿ, ಆದರೆ ಮೇಲೆಯೇ ಇಡಿ. ನಾನು ಕಂಬಿಯ ಗಂಟಿನ ಕಡೆ ಕೈ ಚಾಚಿದೆ. ನನ್ನ ಬೆರಳು ತಾಗುವ ಮೊದಲೇ, ದೇವರಾಣೆ ತಾಗುವ ಮೊದಲೇ, ಅದು ನನ್ನ ಬೂಟಿನ ಲೇಸಿನ ಹಾಗೆ, ನನ್ನ ಧೋತರದ ಹಾಗೆ, ತಾನಾಗಿ ಬಿಚ್ಚಿಕೊಂಡು ಸುರುಸುರನೆ ಹೊರಟುಹೋಯಿತು. ಮಾವ ಹಿಂದಕ್ಕೆ ಅಂಗಾತ ಬಿದ್ದರು. ಟ್ರಂಕು ಅಂಚಿನಲ್ಲಿ ಎರಡು ಸಲ ತೂಗಿ ನಿಂತಿತು.

ಆಮೇಲೆ ಒಂದು ಸಣ್ಣ ದೋಣಿಯವನು ಅವರನ್ನೂ ಟ್ರಂಕನ್ನೂ ನದಿಯ ನಡುವೆ ತಂದು ಮುಟ್ಟಿಸಿದ. ಹಡಗಿನವರು ನಿಧಾನಿಸಿ, ಬೈದು, ಏಣಿ ಇಳಿಬಿಟ್ಟರು. ಕೊಂಕಣಿಯಲ್ಲಿ ಬೈದದ್ದರಿಂದ ನಮಗೆ ಅಷ್ಟಾಗಿ ಬೇಸರವಾಗಲಿಲ್ಲ. ಮೇಲೆ ಬಂದ ಮಾವ ಸುತ್ತ ನೆರೆದ ಜನಕ್ಕೆ ನನ್ನ ಬೆನ್ನು ತಟ್ಟಿ ತೋರಿಸಿದರು. "ನಮ್ಮ ಅಳ್ಯಾ. ಒಂದ್ ಚಣದಾಗ ಗಂಟು ಬಿಚ್ಚಿ ಒಗದಾ. ಕಲ್ತಾಂವ ನೋಡ್ರಿ." ರತ್ನಾಗಿರಿಯ ಕುಟುಂಬವೊಂದು ತಮ್ಮ ಬುತ್ತಿಯಿಂದ ಮೊದಲು ನನಗೇ ಬಡಿಸಿತು. ನಾನು ತಿಂದೆ. ಸುಶೀಲೆ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತು.

ಊರಿಗೆ ಬಂದ ಮೇಲೆ ನನ್ನ ನಿದ್ದೆ ಹೋಯಿತು. ಮಲಗಿದರೆ ಮಂಚ ತೂಗುತ್ತಿತ್ತು. ಹಗ್ಗ ಬಿಗಿಯುವ ಕಿರ್ರ್ ಸದ್ದು, ಎಲೆ ಕಚ್ಚಿದ ಆ ಬಾಯಿ. ಅದಕ್ಕಿಂತ ಹೆಚ್ಚಾಗಿ, ಹಳಿಯಾಳದ ಸಂತೆಯಿಂದ ಬಂದವರು, ಡಿಪೋದ ಹಳೆಯ ಹಮಾಲರು, ಎಲ್ಲರೂ ನನಗೆ ಕೈ ಮುಗಿಯತೊಡಗಿದರು. ಮಾವ ಹೋದಲ್ಲೆಲ್ಲ ನನ್ನ ಸಮಯಪ್ರಜ್ಞೆಯನ್ನು ಹೊಗಳುತ್ತಿದ್ದರಂತೆ. ಒಂದೂವರೆ ತಿಂಗಳು ಹೀಗೆ ಕಳೆಯಿತು. ನಿದ್ದೆಗೆಟ್ಟ ಕಣ್ಣಲ್ಲಿ ಹಾಜರಿ ಪುಸ್ತಕದಲ್ಲಿ ಸತ್ತವನಿಗೂ ಹಾಜರಿ ಹಾಕಿದ ಮೇಲೆ ಒಂದು ಭಾನುವಾರ ಬಸ್ಸು ಹತ್ತಿ ಪಾಳಾಕ್ಕೆ ಹೋದೆ. ಮಾವ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದರು. ಹಗ್ಗ ಕಂಡೊಡನೆ ನನಗೆ ಧೈರ್ಯವೆಲ್ಲ ಸೋರಿಹೋಯಿತು. ಆದರೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನಾನು ಬಿಚ್ಚಲಿಲ್ಲ, ಅದು ತಾನೇ ಬಿಚ್ಚಿತು, ನಾನು ಗಡಿಯಾರ ನೋಡುತ್ತಿದ್ದೆ.

ಮಾವ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ ಬಿಡ್ರಿ. ನಿಮ್ಮ ಧೋತರದ ಗಂಟು ಮದವ್ಯಾಗ ನೋಡೇನಲ್ಲ. ಡಿಪೋದಾಗ ಮ್ಯಾಲಿನ ಗಂಟು ಕಟ್ಟಾಕ ಯಾವತ್ತೂ ಬರದಾಂವನ್ನ ಹಚ್ತಿದ್ವಿ. ಕೆಳಗ ಮನಶ್ಯಾ ಇರ್ತಾನ, ಜಗ್ಗಿದ್ರ ಅದು ಬಿಚ್ಚಬೇಕು. ಅದಕ್ಕ ಆ ತುದಿ ನಿಮಗ ಕೊಟ್ಟೆ."

ಹಾಗಾದರೆ ಊರ ತುಂಬ ಹೊಗಳಿಕೊಂಡು ತಿರುಗಿದ್ದು ಯಾಕೆ ಎಂದು ಕೇಳಿದೆ.

"ಮತ್ತೇನು, ನನ್ನ ಅಳ್ಯಾಗ ಗಂಟು ಹಾಕಾಕ ಬರೂದಿಲ್ಲ ಅಂತ ಡಂಗುರಾ ಹೊಡೀಲೇನು? ಮಗಳನ್ನ ಕೊಟ್ಟೇನಿ."

ಅಂದು ಮನೆಗೆ ಬಂದು ಗಡಿಯಾರಕ್ಕೆ ಕೀ ಕೊಡುವುದನ್ನೂ ಮರೆತು ಮಲಗಿದೆ. ಕನಸಿಲ್ಲ, ಹಗ್ಗವಿಲ್ಲ, ಎಲೆಯಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಸೋಮವಾರ. ಯಾಕೆ ಎಬ್ಬಿಸಲಿಲ್ಲ ಎಂದು ಹೆಂಡತಿಯ ಮೇಲೆ ರೇಗಿದೆ. ಅವಳು ಅದೇ ಇಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಇನ್ನೂ ಎರಡು ಭೋಂಗಾ ಬಾಕಿ ಇರಬೇಕು ಅಂತ ಸುಮ್ನಿದ್ದೆ."

ಬೂಟಿನ ಲೇಸು ಎಳೆದುಕೊಂಡೇ ಓಡಿದೆ. ಹನ್ನೊಂದು ವರ್ಷ ತಡವಾಗಿ ಬಂದ ಊರವರ ಹೆಸರಿನ ಮುಂದೆ ಕೆಂಪು ಗೆರೆ ಎಳೆದ ಪೆನ್ಸಿಲ್ಲಿನಿಂದ ಅಂದು ನನ್ನ ಹೆಸರಿನ ಮುಂದೆ ನಾನೇ ಗೆರೆ ಎಳೆದೆ. ಎಷ್ಟು ನಿಮಿಷ ತಡವೆಂದು ಬರೆಯಲು ಅಭ್ಯಾಸಬಲದಿಂದ ಕೈ ಎತ್ತಿ ನೋಡಿದೆ. ಗಡಿಯಾರ ನಿಂತಿತ್ತು.