ಜಾಡಿಯ ಬಾಣಂತನ

ನನ್ನ ಸೋದರಮಾವನಿಗೆ ವೈನ್ ಅಂಗಡಿಯ ಮುಂದೆ ನಡೆದುಹೋದರೂ ತಲೆ ಸುತ್ತುತ್ತದೆ. ಅಂಥವರು ಕಳೆದ ಚಳಿಗಾಲದಲ್ಲಿ ಕಡೂರಿನ ತಮ್ಮ ಮನೆಯಲ್ಲೇ ವೈನಿಗೆ ಬಾಣಂತನ ಮಾಡಿದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಮ್ಮ ಅತ್ತೆಯೇ ಇನ್ನೂ ನಂಬಿಲ್ಲ, ಅರ್ಧ ಬಾಣಂತನ ಮಾಡಿದವರು ಅವರೇ ಆದರೂ.

ಕಾರಣ ಬೀರೂರಿನಲ್ಲಿತ್ತು. ಮಾವ ರೈಲ್ವೆ ಕೆಲಸದಲ್ಲಿದ್ದಾಗಿನ ಜೊತೆಗಾರರೊಬ್ಬರು, ಕ್ರಿಶ್ಚಿಯನ್ನರು, ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಅವರ ಹೆಂಡತಿ ಪ್ರತಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ಕಪ್ಪು ದ್ರಾಕ್ಷಿಯ ವೈನ್ ಹಾಕುತ್ತಿದ್ದರು. ಆ ತಾಯಿ ಬೇಸಿಗೆಯಲ್ಲಿ ತೀರಿಕೊಂಡರು. "ಇನ್ನು ನಮ್ಮನೇಲಿ ಹಬ್ಬ ಇಲ್ಲ ಕಣೋ," ಎಂದು ಸ್ನೇಹಿತರು ಹೇಳಿದ್ದೇ ತಡ, ಮಾವ, "ಅದೆಂಗೆ ಇಲ್ದಂಗಾಗುತ್ತೆ? ವೈನ್ ನಾನ್ ಮಾಡ್ಕಂಡ್ ಬತ್ತೀನಿ," ಎಂದುಬಿಟ್ಟರು. ಅಂಗಡಿಯಿಂದ ತಂದರಾಗದೇ? ಆಗಲೇ ಹೇಳಿದೆನಲ್ಲ, ತಲೆ ಸುತ್ತುತ್ತದೆ!

"ಈ ಮನೇಲಿ ಹೆಂಡ ಮಾಡ್ತೀರಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

"ಹುದುಗು ಬರ್ಬೇಕು ಅಷ್ಟೆ ಕಣೇ. ನಿನ್ನ ಇಡ್ಲಿ ಹಿಟ್ಟಿದ್ದಂಗೆ."

"ನನ್ನ ಇಡ್ಲಿ ತಿಂದು ಯಾರೂ ಚರಂಡಿಗೆ ಬಿದ್ದಿಲ್ಲ."

ಹೀಗಾಗಿ ದ್ರಾಕ್ಷಿ, ಸಕ್ಕರೆ, ಈಸ್ಟ್ ತುಂಬಿದ ಪಿಂಗಾಣಿ ಜಾಡಿಗೆ ಪೂಜೆಮನೆಯಿಂದ ಆದಷ್ಟು ದೂರ, ಹಿತ್ತಿಲ ಸಾಮಾನು ಕೋಣೆಯಲ್ಲಿ ಜಾಗ ಸಿಕ್ಕಿತು. ಕಲ್ಲುಚಪ್ಪಡಿಯ ಆ ಕೋಣೆಯಲ್ಲಿ ಕೊಬ್ಬರಿ ಎಣ್ಣೆಯೂ ಕಲ್ಲಾಗಿ ಕೂತಿರುತ್ತದೆ. ಮೊದಮೊದಲು ಗುಳುಗುಳು ಎನ್ನುತ್ತಿದ್ದ ಜಾಡಿ, ಚಳಿ ಬಿದ್ದದ್ದೇ ಬಾಯಿ ಮುಚ್ಚಿತು.

ಮಾವ ಥರ್ಮಾಮೀಟರ್ ತಂದು ರಸಕ್ಕೆ ಅದ್ದಿದರು. ಅದು ಮನುಷ್ಯರ ಜ್ವರ ನೋಡುವುದು, ಪಾದರಸ ಅಲುಗಲಿಲ್ಲ.

"ಜ್ವರ ಏನಿಲ್ಲ," ಎಂದರು ಮಾವ.

"ಜೀವಾನೂ ಇಲ್ಲ ಅಂತ ಕಾಣುತ್ತೆ," ಎಂದರು ಅತ್ತೆ.

ಮಾವ ತಮ್ಮ ಕಂಬಳಿಯನ್ನು ಜಾಡಿಗೆ ಹೊದಿಸಿ, ತಾವು ಅತ್ತೆಯ ಹಳೇ ಸೀರೆ ಹೊದ್ದು ಮಲಗಿದರು. ಸಾಲಲಿಲ್ಲ. ಕೊನೆಗೆ ಜಾಡಿಯನ್ನು ಬಚ್ಚಲಿಗೆ ಹೊತ್ತು, ನೀರು ಕಾಯುವ ಹಂಡೆಯ ಒಲೆಗೆ ಒತ್ತಿ ಕೂರಿಸಿದರು. ಅಂದು ಸೋಮವಾರ ಎಂಬುದು ಅವರಿಗೆ ಹೊಳೆಯಲಿಲ್ಲ. ಸೋಮವಾರವೆಂದರೆ ಆ ಮನೆಯಲ್ಲಿ ಎಲ್ಲರಿಗೂ ತಲೆಸ್ನಾನ. ಒಲೆ ಧಗಧಗ ಉರಿಯಿತು. ಕೆಂಪು ನೊರೆ ಜಾಡಿಯ ಬಾಯಿಬಟ್ಟೆ ಕಿತ್ತುಕೊಂಡು ಉಕ್ಕಿ, ಬಚ್ಚಲ ಮೋರಿ ಹಿಡಿದು ಬೀದಿಗೇ ಹೊರಟಿತು.

"ಅಕ್ಕಾ, ಏನ್ ವಾಸ್ನೆ ಇದು?" ಎದುರುಮನೆಯಾಕೆ ಬಂದೇಬಿಟ್ಟರು.

"ದ್ರಾಕ್ಷಾರಿಷ್ಟ ಕಣೇ. ನಮ್ಮನೆಯೋರಿಗೆ ಕೆಮ್ಮು," ಎಂದರು ಸುಳ್ಳೇ ಆಡದ ನಮ್ಮ ಅತ್ತೆ.

ಒಳಗಿನಿಂದ ಮಾವ ಸರಿಯಾದ ಹೊತ್ತಿಗೆ ಕೆಮ್ಮಿದರು.

ಅರ್ಧ ಜಾಡಿ ಉಳಿದಿತ್ತು. ಮಾವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಅವ್ನು ಹಬ್ಬ ಇಲ್ಲ ಅಂದಿದ್ದೇ ನಿಜ ಆಗುತ್ತೆ," ಎಂದರು, ಯಾರಿಗೂ ಅಲ್ಲದಂತೆ.

ಅತ್ತೆ ಸೆರಗು ಸಿಕ್ಕಿಸಿದರು.

"ಬಾಣಂತೀನ ಒಂದಿನ ಮಂಜಲ್ಲಿ, ಒಂದಿನ ಬೆಂಕೀಲಿ ಕೂರಿಸ್ತಾರೇನ್ರೀ? ಒಂದೇ ಹದದಾಗಿರ್ಬೇಕು. ಎತ್ತಿ ಆ ಕಡೆ."

ಜಾಡಿ ಅಡುಗೆಮನೆಯ ಮೂಲೆಗೆ ಬಂತು. ಪಕ್ಕದ ಪೂಜೆಮನೆಯ ಪರದೆಯನ್ನು ಮಾತ್ರ ಅತ್ತೆ ಪೂರ್ತಿ ಎಳೆದರು. ಭತ್ತದ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಜಾಡಿಯನ್ನು ಕುತ್ತಿಗೆವರೆಗೆ ಹೂತು, ಮೇಲೆ ಬಾಣಂತಿಗೆ ಕಿವಿ ಕಟ್ಟಿದಂತೆ ಬಟ್ಟೆ ಕಟ್ಟಿದರು. ಬಿಸಿಲೇರಿದಾಗ ಹೊಟ್ಟು ಸರಿಸುವುದು, ಸಂಜೆಗೆ ಮತ್ತೆ ಮುಚ್ಚುವುದು, ನಡುನಡುವೆ ಜಾಡಿಗೆ ಅಂಗೈ ಹಚ್ಚಿ ನೋಡುವುದು. ಸಾಂಬ್ರಾಣಿ ಹೊಗೆ ಹಾಕಲೂ ಹೊರಟಿದ್ದರು. ಮಾವ ಕೈಮುಗಿದು ತಡೆದರು.

ಒಂದು ಬೆಳಿಗ್ಗೆ ಅತ್ತೆ ಮೆಲ್ಲಗೆ ಕರೆದರು: "ರೀ, ಬನ್ನಿ ಇಲ್ಲಿ. ಮಾತಾಡ್ತಾ ಐತೆ."

ಹಬ್ಬದ ದಿನ ಸೋಸಿದ ರಸವನ್ನು ಬಾಟಲಿಗೆ ತುಂಬಿ, ಟವೆಲ್ಲಿನಲ್ಲಿ ಸುತ್ತಿ, ಮಾವ ಬೀರೂರು ಬಸ್ಸು ಹತ್ತಿದರು. ನಾನೂ ಹೋದೆ. ಸ್ನೇಹಿತರ ಮನೆಯ ಬಾಗಿಲಿಗೆ ನಕ್ಷತ್ರ ಕಟ್ಟಿರಲಿಲ್ಲ. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಹುಳಿ ಕಣೋ."

ಮಾವನ ಮುಖ ಇಳಿದುಹೋಯಿತು. ಸ್ನೇಹಿತರು ಇನ್ನೊಂದು ಗುಟುಕು ಕುಡಿದರು.

"ಮದ್ವೆ ಆದ ವರ್ಷ ಅವ್ಳು ಹಾಕಿದ್ದೂ ಹಿಂಗೇ ಹುಳಿ ಇತ್ತು," ಎಂದರು. ಲೋಟ ಕೆಳಗಿಟ್ಟರು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲು ತೆಗೆದರು. "ಕೂತ್ಕಳೋ. ನೀನು ಇದನ್ನ ಮುಟ್ಟಲ್ಲ, ನಿಂಗೆ ಟೀ ಇಡ್ತೀನಿ. ಊಟ ಮಾಡ್ದೆ ಹೋಗಂಗಿಲ್ಲ, ಹಬ್ಬದ ದಿನ."