ಮನೆಗಾಡಿಯ ಒಳಗಿನ ಕನ್ನಡಿ

ನಾನು ಹೊಸಪೇಟೆಯಲ್ಲಿ ಓಡಿಸುವುದು ಮನೆಗಾಡಿ. ಒಲೆ, ಫ್ರಿಜ್, ಮಂಚ ಎಲ್ಲ ಹೊತ್ತುಕೊಂಡು ಪ್ರವಾಸಿಗರನ್ನು ಹಂಪಿ ಸುತ್ತಿಸುವ ಗಾಡಿ. ಇದರಲ್ಲಿ ದಿನಕ್ಕೊಂದು ಫಜೀತಿ ಇದ್ದದ್ದೇ. ನನ್ನ ಫಜೀತಿಗಳೆಲ್ಲ ಹಣೆಯ ಮುಂದಿನ ಗೇಣುದ್ದದ ಕನ್ನಡಿಯಿಂದ ಬಂದವು.

ದಾರಿ ಬಿಟ್ಟದ್ದು

ಬೇರೆ ಗಾಡಿಗಳ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತದೆ. ನಮ್ಮದರಲ್ಲಿ ಹಿಂದೆ ಗೋಡೆ. ಮೊದಲ ದಿನ ಸಂಡೂರಿಗೆ ಹೊರಟಾಗ ಅಭ್ಯಾಸದಂತೆ ನೋಡಿದೆ. ಬೆಳ್ಳಗಿನ ದೊಡ್ಡದೇನೋ ಬೆನ್ನಿಗೇ ಬರುತ್ತಿತ್ತು. ಅದಿರಿನ ಲಾರಿಯೆಂದು ಪಕ್ಕಕ್ಕೆ ಸರಿದು, ಮುಂದೆ ಹೋಗೆಂದು ಕೈ ಬೀಸಿದೆ. ಹೋಗಲಿಲ್ಲ. ಮೂರನೆಯ ಸಲ ಸರಿದಾಗ ಪಕ್ಕದಲ್ಲಿದ್ದ ಮೆಕ್ಯಾನಿಕ್ ಕೇಳಿದ: "ಅಣ್ಣಾ, ಫ್ರಿಜ್‌ಗೆ ಯಾಕ ದಾರಿ ಬಿಡಾಕತ್ತೀ?"

ಮಂಡಕ್ಕಿ

ಆಮೇಲೆ ಗೊತ್ತಾಯಿತು, ಆ ಕನ್ನಡಿ ಇರುವುದು ರಸ್ತೆಗಲ್ಲ, ಮಂದಿಗೆ. ಕಂಪ್ಲಿ ದಾರಿಯಲ್ಲಿ ಒಬ್ಬ ಅಜ್ಜಿ ಗಾಡಿಯೊಳಗೆ ನಿಂತುಕೊಂಡೇ ಬೋಗುಣಿ ತುಂಬ ಮಂಡಕ್ಕಿ ಕಲಸುತ್ತಿದ್ದದ್ದು ಕಂಡಿತು.

"ಅಮ್ಮಾ, ಕುಂದರ್ರಿ, ಮುಂದ ಹಂಪ್ ಐತಿ!"

"ನೀ ರಸ್ತೆ ನೋಡಪ್ಪ, ಮಂಡಕ್ಕಿ ನಾ ನೋಡ್ಕೊಂತೀನಿ."

ಹಂಪ್ ಬಂತು. ಅಜ್ಜಿ ಮಂಚದ ಮೇಲೆ ಕೂತರು, ಮಂಡಕ್ಕಿ ಗಾಡಿಯ ತುಂಬ ಕೂತಿತು. "ಕನ್ನಡ್ಯಾಗ ನೋಡ್ಕೊಂತ ಇದ್ದೆಲ್ಲ," ಎಂದು ನನ್ನನ್ನೇ ಬೈದರು, "ಮೊದ್ಲ ಹೇಳಾಕ ಏನಾಗಿತ್ತು?"

ಯಾರ್ ಯಾರು?

ಡ್ರೈವರ್ ನಮ್ಮನ್ನೇ ನೋಡುತ್ತಾನೆಂದು ಯಾರೋ ದೂರಿದರು. ಮಾಲೀಕರು ಕನ್ನಡಿ ಬಿಚ್ಚಿಸಿದರು.

"ಸಾಹೇಬ್ರ, ಹಿಂದಿನ ಮಂದಿ ಕಾಣಂಗಿಲ್ಲ."

"ಮಂದಿ ಎಲ್ಲಿಗೆ ಹೊಕ್ಕಾರಲೇ? ಮನ್ಯಾಗ ಇರ್ತಾರ."

ನನಗೆ ನಿಜಕ್ಕೂ ಸಂಕಟವಾಯಿತು. ಎಲ್ಲರಿಗೂ ಬೆನ್ನು ಹಾಕಿ ಕೂರುವ ಕೆಲಸ ನನ್ನದು. ಮಗು ಮಂಚದಿಂದ ಬಿದ್ದರೂ ಗೊತ್ತಾಗುವುದಿಲ್ಲ.

ಮರುವಾರ ಮಾಲೀಕರೇ ಹಂಪಿಯಿಂದ ಸಂಡೂರಿಗೆ ಹೊರಟರು. "ಸ್ವಲ್ಪ ಅಡ್ಡಾಗ್ತೀನಿ, ಎಬ್ಬಿಸಬ್ಯಾಡ" ಎಂದು ಹಿಂದೆ ಪರದೆ ಎಳೆದುಕೊಂಡರು. ನಾನು ಕಡ್ಡಿರಾಂಪುರದಲ್ಲಿ ಇಳಿದು ಚಹಾ ಕುಡಿದು ಮತ್ತೆ ಹೊರಟೆ. ಘಾಟಿ ಹತ್ತುವಾಗ ಹಿಂದೆ ಏನೋ ಸದ್ದಾಯಿತು. ಎದ್ದರು ಎಂದುಕೊಂಡು, ಮುಖ ಕಾಣದ ಧೈರ್ಯದಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟೆ: "ಸಾಹೇಬ್ರ, ನೀವು ಯಾರ ಮಾತೂ ಕೇಳಂಗಿಲ್ಲ. ಕನ್ನಡಿ ಹಾಕಿಸ್ರಿ, ಇಲ್ಲಾಂದ್ರ ನಾ ಈ ಗಾಡಿ ಓಡ್ಸಂಗಿಲ್ಲ."

ಮೂರು ವರ್ಷದಲ್ಲಿ ಮೊದಲ ಸಲ ಅವರು ನನ್ನ ಮಾತಿಗೆ ಅಡ್ಡ ಬರಲಿಲ್ಲ. ಒಪ್ಪಿದರೆಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಫೋನ್ ಬಂತು. ಅವರದೇ.

"ಲೇ, ಎಲ್ಲಿದೀ?"

"ಸಂಡೂರ ಹತ್ರ ಬಂದೀವ್ರಿ ಸಾಹೇಬ್ರ."

"ನಾ ಕಡ್ಡಿರಾಂಪುರದ ಹೋಟ್ಲ ಹಿಂದ ಬರಿಗಾಲಾಗ ನಿಂತೀನಿ. ಬಂದೀವಿ ಅಂದ್ರ ಯಾರ್ ಯಾರಲೇ?"