ದೊಡ್ಡಮ್ಮನ ಸಮೇತ ಐದನೇ ಸುತ್ತು

ಈ ರಾಮಾಯಣಕ್ಕೆಲ್ಲ ಕಾರಣ ಫೋನಿನ ಪರದೆ ಮೇಲಿದ್ದ ಒಂದು ಪುಟ್ಟ ಚೌಕ. ‘ಸಂದರ್ಶನಕ್ಕೆ ಬೆಂಬಲವಾಗಿ ಮನೆಯವರನ್ನು ಕರೆತರುವಿರಾ?’ ಎಂದು ಅದರ ಪಕ್ಕದಲ್ಲಿ ಬರೆದಿತ್ತು. ಲಾಂಡ್ರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅರ್ಜಿ ತುಂಬುತ್ತಿದ್ದ ಮಾನಿಹೆರ ಅದನ್ನು ಓದದೇ ಒತ್ತಿದ. ಒತ್ತಿ ಮಲಗಿದ.

ಅವನು ಗೊರಕೆ ಹೊಡೆಯುತ್ತಿದ್ದಾಗ ಕಂಪನಿಯಿಂದ ಫೋನ್ ಬಂತು. ಎತ್ತಿದ್ದು ಹುಹಾನಾ ದೊಡ್ಡಮ್ಮ. ಎಷ್ಟು ಜನ ಬರುತ್ತೀರಿ ಎಂದು ಅವರು ಕೇಳಿದರು. “ವ್ಯಾನ್ ತುಂಬಾ” ಅಂದಳು ದೊಡ್ಡಮ್ಮ.

ಗುರುವಾರ ಬೆಳಗ್ಗೆ ದಕ್ಷಿಣ ಆಕ್ಲೆಂಡಿನ ಮಾಂಗೆರೆಯಿಂದ ವ್ಯಾನ್ ಹೊರಟಾಗ ಒಳಗೆ ಏಳು ಜನ, ಒಂದು ಗಿಟಾರು, ಪಕ್ಕದ ಮನೆ ಲೋಸಾ ಆಂಟಿಯ ತೊಡೆ ಮೇಲೆ ಬಿಸಿ ಶ್ಯಾವಿಗೆಯ ದೊಡ್ಡ ಪಾತ್ರೆ.

“ದೊಡ್ಡಮ್ಮಾ, ಇದು ಇಂಟರ್‌ವ್ಯೂ. ಮದುವೆ ದಿಬ್ಬಣ ಅಲ್ಲ.”

“ಗೊತ್ತು ಕಣೋ. ಮದುವೆಗಾದ್ರೆ ಹುಡುಗಿ ಬೇಕಿತ್ತು. ಅದೂ ಇಲ್ಲ ನಿಂಗೆ.”

“ಸರಿ, ಲೋಸಾ ಆಂಟಿ ಯಾಕೆ? ಅವರು ನಮ್ಮ ಮನೆಯವರೂ ಅಲ್ಲ, ನಮ್ಮ ಹಾಗೆ ಮಾವೊರಿನೂ ಅಲ್ಲ.”

“ನಿನ್ನ ಅಂಡು ತೊಳೆದೋಳು ನಾನು” ಅಂದಳು ಲೋಸಾ ಆಂಟಿ, ಪಾತ್ರೆಯನ್ನು ಭದ್ರವಾಗಿ ಅಪ್ಪಿಕೊಳ್ಳುತ್ತ. “ಇದಕ್ಕಿಂತ ಬೆಂಬಲ ಬೇಕಾ?”

ಮಾನಿಹೆರ ಕಿಟಕಿ ಕಡೆ ತಿರುಗಿದ. ಆದರೆ ಒಳಗೆ ಕುಕ್ಕರ್ ಕೂಗುತ್ತಿತ್ತು. ಏಳು ವರ್ಷದಿಂದ ಆಸ್ಪತ್ರೆಗಳ ಒದ್ದೆ ಬೆಡ್‌ಶೀಟು ಎಳೆದೂ ಎಳೆದೂ ಅವನ ಅಂಗೈಯ ಚರ್ಮ ಸುಲಿದು ಹೋಗಿತ್ತು. ಅದರ ನಡುವೆಯೇ ಆರು ವರ್ಷ ಹಗಲು ತೂಕಡಿಸುತ್ತ ಓದಿ ಪದವಿ ಪಡೆದಿದ್ದ. ಕ್ರಾಂಡಲ್ ಅಂಡ್ ವೆಸ್ಟ್ ಎಂಬ, ಉದ್ಯಮಗಳಿಗೆ ಸಲಹೆ ಮಾರುವ ಈ ದೊಡ್ಡ ಕಂಪನಿಯಲ್ಲಿ ಕೆಲಸ ಸಿಕ್ಕಿದರೆ ಬೆಡ್‌ಶೀಟಿಗೆ ಟಾಟಾ. ಸಿಗದಿದ್ದರೆ ರಾತ್ರಿ ಹತ್ತಕ್ಕೆ ಮತ್ತೆ ಅದೇ ಮೂರನೇ ನಂಬರ್ ಮೆಷಿನ್.

ಕೆಲಸ ಕೊಡುವವರೋ, ಜನ್ಮ ಜಾಲಾಡುವವರು. ಮೊದಲ ಸುತ್ತಿನಲ್ಲಿ ಕಂಪ್ಯೂಟರಿನಲ್ಲಿ ಬಲೂನ್ ಊದಿಸಿದ್ದರು. ಅದು ಒಡೆಯುವ ಮುಂಚೆ ಇವನು ನಿಲ್ಲಿಸುತ್ತಾನೋ ಇಲ್ಲವೋ ಎಂದು ಎದೆಗಾರಿಕೆ ಅಳೆಯಲಂತೆ. ಎರಡನೇದರಲ್ಲಿ ಎದುರಿಗೆ ಯಾರೂ ಇಲ್ಲ, ಪರದೆಯ ಮೇಲೆ ಕಾಣುವ ತನ್ನ ಮುಖಕ್ಕೇ ಇಪ್ಪತ್ತು ನಿಮಿಷ ಉತ್ತರ ಹೇಳಬೇಕು. ಮೂರನೇದರಲ್ಲಿ ಗುರುತಿಲ್ಲದ ಐದು ಜನರ ಜೊತೆ ಸೇರಿ ಸ್ಪಗೆಟ್ಟಿ ಕಡ್ಡಿಯಲ್ಲಿ ಗೋಪುರ ಕಟ್ಟಿದ್ದ. ನಾಲ್ಕನೇದರಲ್ಲಿ, “ನೀವು ಪ್ರಾಣಿಯಾಗಿದ್ದರೆ ಯಾವ ಪ್ರಾಣಿ?” ಕತ್ತೆ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು ಹದ್ದು ಅಂದಿದ್ದ.

ಇದು ಐದನೇದು. ಕ್ಲೈಮ್ಯಾಕ್ಸು.

ಇಪ್ಪತ್ತೆರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದು ಏಳು ಜನ, ಗಿಟಾರು, ಶ್ಯಾವಿಗೆ ಎಲ್ಲ ಸ್ಲೋ ಮೋಷನ್ನಿನಲ್ಲಿ ಇಳಿದಾಗ ರಿಸೆಪ್ಷನ್ ಹುಡುಗಿಯ ಕೈಯಲ್ಲಿದ್ದ ಕಾಫಿ ತುಳುಕಿತು. ಆ ಚೌಕವನ್ನು ಕಂಪನಿ ಎಂಟು ವರ್ಷದ ಹಿಂದೆ ಹಾಕಿತ್ತು. ಈ ನೆಲದ ಮೂಲನಿವಾಸಿಗಳಾದ ಮಾವೊರಿಗಳು ಅಂದರೆ ನಮಗೆಷ್ಟು ಗೌರವ ನೋಡಿ ಎಂದು ಜಗತ್ತಿಗೆ ತೋರಿಸಲು. ಅದನ್ನು ಒತ್ತಿದವನು ಇವನೊಬ್ಬನೇ.

ಸಂದರ್ಶನ ಮಾಡುವವಳ ಹೆಸರು ಇಮೊಜೆನ್. ಅವಳ ನಗು ಫ್ರಿಜ್ಜಿನ ದೀಪದ ಹಾಗೆ. ಬಾಗಿಲು ತೆರೆದಾಗ ಹತ್ತುವುದು, ಮುಚ್ಚಿದಾಗ ಆರುವುದು, ಯಾವಾಗಲೂ ತಣ್ಣಗಿರುವುದು. ಮೂಲೆಯಲ್ಲಿ ಒಬ್ಬ ಲ್ಯಾಪ್‌ಟಾಪಿನ ಮೇಲೆ ಕವುಚಿಕೊಂಡು ಎಲ್ಲ ಮಾತನ್ನೂ ಬರೆದುಕೊಳ್ಳುತ್ತಿದ್ದ.

“ನಿಮ್ಮ ಪದ್ಧತಿ ಅಂದ್ರೆ ನಮಗೆ ತುಂಬಾ ಇಷ್ಟ” ಅಂದಳು ಇಮೊಜೆನ್. “ಆದ್ರೆ ಇರೋದು ಎರಡೇ ಕುರ್ಚಿ, ಮೂವತ್ತೈದೇ ನಿಮಿಷ.”

ತನ್ನನ್ನು ತಾನೇ ಹೊಗಳಿಕೊಳ್ಳುವವನನ್ನು ಮಾವೊರಿಗಳಲ್ಲಿ ನಾಯಿಯೂ ಮೂಸುವುದಿಲ್ಲ. ಹೊಗಳುವುದು ಹಿರಿಯರ ಕೆಲಸ. ಅವರು ಎದ್ದು ನಿಂತು ಮಾತಾಡಬೇಕು, ಮಾತು ಮುಗಿದ ಮೇಲೆ ಜೊತೆಗಿದ್ದವರೆಲ್ಲ ಹಾಡಿ ಅದಕ್ಕೆ ಮೊಹರು ಒತ್ತಬೇಕು. ತಮಾತಿ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಎದ್ದ. ಪೂರ್ವಿಕರು ದೋಣಿ ಏರಿದ್ದರಿಂದ ಶುರುಮಾಡಿ, ಬೆಟ್ಟಕ್ಕೆ ವಂದಿಸಿ, ಹೊಳೆಗೆ ವಂದಿಸಿ, ಹದಿನೈದನೇ ನಿಮಿಷಕ್ಕೆ ಮುತ್ತಜ್ಜನ ಹತ್ತಿರ ಬಂದ. ಮಾನಿಹೆರ ಹುಟ್ಟುವುದಕ್ಕೆ ಇನ್ನೂ ಮೂರು ಮದುವೆ ಆಗಬೇಕಿತ್ತು.

“ದೊಡ್ಡಪ್ಪಾ, ಫಾಸ್ಟ್ ಫಾರ್ವರ್ಡ್ ಮಾಡು!” ಎಂದು ಮಾನಿಹೆರ ಹಲ್ಲು ಕಚ್ಚಿ ಪಿಸುಗುಟ್ಟಿದ.

“ಮುತ್ತಜ್ಜನ್ನ ಹಾರಿಸೋಕಾಗುತ್ತೇನೋ, ಬೇವಾರ್ಸಿ?” ಎಂದು ದೊಡ್ಡಪ್ಪ ಮೈಕಿಲ್ಲದೆಯೇ ಗುಡುಗಿದ.

ಅಂತೂ ಹಾಡಾಯಿತು. ಶ್ಯಾವಿಗೆಯ ಪಾತ್ರೆ ಮೇಜಿನ ಮಧ್ಯೆ ಕೂತಿತು. ಉಳಿದ ಹನ್ನೆರಡು ನಿಮಿಷದಲ್ಲಿ ಇಮೊಜೆನ್ ಪ್ರಶ್ನೆ ಹಾಕಿದಳು.

“ಒಂದು ಕಲ್ಪನೆಯ ಕಂಪನಿ. ದಕ್ಷಿಣ ಆಕ್ಲೆಂಡಿನಲ್ಲಿ ಆಸ್ಪತ್ರೆಗಳ ಬಟ್ಟೆ ಒಗೀತಾರೆ. ಹಗಲು ಒಂದು ಪಾಳಿ, ರಾತ್ರಿ ಒಂದು ಪಾಳಿ. ಮೂರನೇ ಮೆಷಿನ್ ಪದೇಪದೇ ಕೆಡುತ್ತೆ. ಖರ್ಚು ಹೇಗೆ ಇಳಿಸ್ತೀರಿ?”

ಮಾನಿಹೆರನಿಗೆ ಒಳಗೊಳಗೇ ಸೀಟಿ ಹೊಡೆಯುವಂತಾಯಿತು. ಕಲ್ಪನೆಯಂತೆ! ಆ ಮೂರನೇ ಮೆಷಿನ್ನಿನ ನಟ್ಟು ಬೋಲ್ಟೂ ಇವನಿಗೆ ಗೊತ್ತು. ಇವನು ರಾತ್ರಿ, ದೊಡ್ಡಮ್ಮ ಹಗಲು, ಇಬ್ಬರೂ ದುಡಿಯುತ್ತಿರುವುದು ಅದೇ ಲಾಂಡ್ರಿಯಲ್ಲಿ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗನಂತೆ ಕೈ ಉಜ್ಜಿಕೊಂಡು ಎದ್ದ.

“ರಾತ್ರಿ ಪಾಳಿ ಮುಚ್ಚಿಬಿಡಿ” ಅಂದ. “ಮೂವತ್ತೊಂದು ಜನ. ಮೂರು ಗಂಟೆಗೆ ಅವರ ಕೆಲಸ ಮುಗಿಯುತ್ತೆ, ಆಮೇಲೆ ಐದರ ತನಕ ಇಸ್ಪೀಟ್ ಆಡ್ತಾರೆ. ಹಗಲಿನವರನ್ನ ಮುಟ್ಟಬೇಡಿ. ಅವರು ಹಳಬರು, ಬೇಗ ಬೇಗ ಮಾಡ್ತಾರೆ. ರಾತ್ರಿ ಬಟ್ಟೆನೂ ಅವರಿಗೇ ಕೊಡಿ.” ಇಸ್ಪೀಟಿನಲ್ಲಿ ಹೆಚ್ಚು ಸಲ ಗೆಲ್ಲುವವನು ತಾನೇ ಎಂಬುದನ್ನು ಹೇಳಲಿಲ್ಲ. ಹೇಗೂ ತಾನು ಬಿಡುವ ಪಾಳಿ.

ಹಿಂದಿನಿಂದ ಕುರ್ಚಿ ಬಿದ್ದ ಸದ್ದಾಯಿತು. ಹುಹಾನಾ ದೊಡ್ಡಮ್ಮ ಎದ್ದಿದ್ದಳು. ಅವಳ ಮೂಗಿನ ಹೊಳ್ಳೆ ರೈಲು ಬರುವ ಸುರಂಗದಂತೆ ಅರಳಿತ್ತು.

“ಲೋ! ಇಪ್ಪತ್ತಾರು ವರ್ಷ ಅಲ್ಲಿ ನಿಂತು ನಿಂತು ನನ್ನ ಎರಡು ಮಂಡಿನೂ ಪುಡಿಯಾಗಿವೆ. ಆ ಬೆಡ್‌ಶೀಟಿನ ಸಂಬಳದಲ್ಲಿ ನಿನ್ನ ಓದಿಸಿದ್ದು. ಓದಿ ಬಂದು ಕಿತ್ತು ಹಾಕೋಕೆ ರಾತ್ರಿ ಪಾಳಿನೇ ಕಣ್ಣಿಗೆ ಬಿತ್ತಾ? ಸ್ವಂತ ಜನರ ಕಷ್ಟ ಒಂಚೂರಾದ್ರೂ ತಲೆಗೆ ಬಂತೇನೋ?” ಎಂದವಳೇ ಇಮೊಜೆನ್ ಕಡೆ ತಿರುಗಿದಳು. “ಇವನನ್ನ ಹೊಗಳೋಕೆ ಬಂದೆ ತಾಯಿ. ಬಾಯಿ ಬರ್ತಿಲ್ಲ. ತನ್ನ ಹಾಸಿಗೆ ತಾನು ಮಡಚಲ್ಲ ಈ ಭೂಪ, ನಮ್ಮ ಲಾಂಡ್ರಿನೇ ಮಡಚ್ತಾನಂತೆ!”

ಹೊಗಳಿಕೆಯೋ ಬೈಗುಳವೋ, ಹಿರಿಯರ ಮಾತು ಮುಗಿಯಿತಲ್ಲ, ಹಾಡಲೇಬೇಕು. ತಮಾತಿ ದೊಡ್ಡಪ್ಪ ಗಿಟಾರು ಮೀಟಿದ. ಏಳು ಗಂಟಲಲ್ಲಿ ಆರು ಒಟ್ಟಿಗೆ ತೆರೆದು ಆ ಉಗಿತಕ್ಕೆ ಮೂರು ಚರಣದ ಮೊಹರು ಒತ್ತಿದವು. ಇಮೊಜೆನ್ ಬಾಗಿಲು ತೋರಿಸಿದಳು. ಬೆಂಬಲವೆಲ್ಲ ಪಾತ್ರೆ ಎತ್ತಿಕೊಂಡು ಕೆಳಗಿಳಿಯಿತು.

ಮಾನಿಹೆರ ತನ್ನ ಕತೆ ಮುಗಿಯಿತು ಅಂದುಕೊಂಡು ಅವರ ಹಿಂದೆಯೇ ಹೊರಟ.

“ಕೂತ್ಕೊಳ್ಳಿ” ಅಂದಳು ಇಮೊಜೆನ್. “ನಿಮ್ಮ ಜೊತೆ ದುಡಿಯೋರನ್ನ, ಸ್ವಂತ ದೊಡ್ಡಮ್ಮನ ಎದುರೇ, ಕಣ್ಣು ಮಿಟುಕಿಸದೆ ಮನೆಗೆ ಕಳಿಸಿಬಿಟ್ರಿ! ಇಂಥ ಗಟ್ಟಿ ಗುಂಡಿಗೆನೇ ನಾವು ವರ್ಷಗಟ್ಟಲೆ ಹುಡುಕ್ತಿರೋದು. ಸೋಮವಾರದಿಂದ ಬನ್ನಿ.”

ಏಳು ವರ್ಷ ಕಾಯ್ದಿದ್ದ ಮಾತು. ಆದರೆ ಅದು ಕಿವಿಗೆ ಬಿದ್ದಾಗ ಮಾನಿಹೆರನ ಕಣ್ಣ ಮುಂದೆ ಬಂದದ್ದು, ನಡುರಾತ್ರಿ ತಮ್ಮ ಡಬ್ಬಿಯ ಊಟವನ್ನು ಇವನಿಗೂ ಹಂಚುವ ಮೂವತ್ತು ಮುಖ. ಅವರಿಗೋಸ್ಕರ ದೊಡ್ಡಮ್ಮ ಉರಿದೆದ್ದಳು, ತಾನು? ಬಲೂನಿನಿಂದ ಹಿಡಿದು ಹದ್ದಿನ ತನಕ ನುಂಗಿದ್ದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು.

“ನಿಮ್ಮ ಕೆಲಸ ನೀವೇ ಇಟ್ಕೊಳ್ಳಿ ಮೇಡಂ!” ಎಂದು ಮೇಜು ಗುದ್ದಿದ. “ಬೆಡ್‌ಶೀಟ್ ಒಗೆದು ಬದುಕ್ತೀನಿ. ಮನುಷ್ಯರನ್ನ ಒಗೆದು ಬದುಕೋ ಜನ್ಮ ಅಲ್ಲ ನಂದು!”

ಹಾಗೆಂದು ಕೊರಳಿನ ವಿಸಿಟರ್ ಕಾರ್ಡನ್ನು ಕಿತ್ತೆಸೆದ. ಅದರ ದಾರ ಎಲಾಸ್ಟಿಕ್ಕಿನದು. ಕಾರ್ಡು ಹೋದಷ್ಟೇ ವೇಗದಲ್ಲಿ ಬಂದು ಮೂಗಿಗೆ ಬಡಿಯಿತು. ಆದರೂ ಅವನು ಎದೆಯುಬ್ಬಿಸಿಕೊಂಡೇ ಹೊರಬಿದ್ದ.

ಕೆಳಗೆ ವ್ಯಾನಿನಲ್ಲಿ ಎಲ್ಲರೂ ಶ್ಯಾವಿಗೆ ತಿನ್ನುತ್ತಿದ್ದರು. ಮಾನಿಹೆರ ಬಾಗಿಲು ಹಿಡಿದು ನಿಂತು, ಕೆಲಸ ಕೊಟ್ಟರು, ಒದ್ದು ಬಂದೆ ಎಂದು ಘೋಷಿಸಿದ. ಚಪ್ಪಾಳೆ ಬರಲಿಲ್ಲ. ಲೋಸಾ ಆಂಟಿಯ ಫೋರ್ಕಿನಿಂದ ಶ್ಯಾವಿಗೆ ಜಾರಿತು.

“ಏನಂದೆ?” ಅಂದಳು ದೊಡ್ಡಮ್ಮ.

“ನೀನೇ ಕಣ್ಣು ತೆರೆಸಿದೆ ದೊಡ್ಡಮ್ಮಾ. ರಾತ್ರಿ ಪಾಳಿಯೋರ ಹೊಟ್ಟೆ ಮೇಲೆ ಹೊಡೆಯಲ್ಲ ಅಂದೆ.”

“ಅಯ್ಯೋ ಮುಂಡೇದೆ! ನಾನು ಬೈದಿದ್ದು ಹಗಲು ಪಾಳಿನ ಯಾಕೆ ಕಿತ್ತಾಕಲಿಲ್ಲ ಅಂತ! ಅವರಾಗೇ ಕಳಿಸಿದ್ರೆ ಇಪ್ಪತ್ತಾರು ವರ್ಷದ ಪರಿಹಾರ ಒಟ್ಟಿಗೆ ಸಿಗುತ್ತೆ. ನಾನಾಗೇ ಬಿಟ್ರೆ ಒಂದು ಹಳೇ ಟವಲ್ಲೂ ಇಲ್ಲ. ಮೂರು ವರ್ಷದಿಂದ ಬಾಯಿ ಬಾಯಿ ಬಿಟ್ಕೊಂಡು ಕಾಯ್ತಿದೀನಿ, ‘ಹಳಬರನ್ನ ಮುಟ್ಟಬೇಡಿ’ ಅಂತೀಯಲ್ಲೋ!”

“ಮತ್ತೆ ರಾತ್ರಿ ಪಾಳಿಯ ಆ ಮೂವತ್ತು ಜನ?”

“ಅವರಿಗೋಸ್ಕರ ಕೂಗಾಡೋಕೆ ಅವರ ದೊಡ್ಡಮ್ಮಂದಿರಿಲ್ವಾ? ಹತ್ತು ಮೇಲೆ! ಕಾಲು ಹಿಡ್ಕೊ, ಕೆಲಸ ತಗೋ, ಹಗಲು ಪಾಳಿ ಅಂತ ತಿದ್ದಿಸಿ ಬಾ!”

ಮಾನಿಹೆರ ಮತ್ತೆ ಇಪ್ಪತ್ತೆರಡನೇ ಮಹಡಿಗೆ ಹೋದ. ಇಮೊಜೆನ್ ಲಿಫ್ಟಿನ ಎದುರೇ ಸಿಕ್ಕಳು. ಮಾತು ಕೇಳಿಸಿಕೊಂಡಳು. ಫ್ರಿಜ್ಜಿನ ದೀಪ ಹತ್ತಲೇ ಇಲ್ಲ.

“ಹತ್ತು ನಿಮಿಷಕ್ಕೆ ಎರಡು ಸಲ ಮನಸ್ಸು ಬದಲಾಯಿಸೋರು ನಮಗೆ ಬೇಡ.”

“ಹೋಗ್ಲಿ, ನಾನು ಹೇಳಿದ ಉತ್ತರ ಹೊಡೆದು ಹಾಕಿ. ಅದು ವಾಪಸ್.”

“ಅದು ಆಗಲೇ ಹೋಯ್ತಲ್ಲ. ನಿಮ್ಮವರು ಹಾಡ್ತಿದ್ದಾಗಲೇ ನಮ್ಮ ಹುಡುಗ ಲಾಂಡ್ರಿಯವರಿಗೆ ಕಳಿಸಿದ. ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ವಿ. ಅವರು ತಕ್ಷಣ ಒಪ್ಪಿದ್ರು.”

“ಅದು ಕಲ್ಪನೆಯ ಕಂಪನಿ ಅಂದ್ರಿ?”

“ಕಲ್ಪನೆಗೆಲ್ಲ ಯಾರು ನಮಗೆ ಫೀಸು ಕೊಡ್ತಾರೆ?” ಎಂದು ಇಮೊಜೆನ್ ಒಳಗೆ ಹೋದಳು.

ಇಳಿಯುವಾಗ ಲಿಫ್ಟಿನಲ್ಲೇ ಮಾನಿಹೆರನ ಫೋನ್ ಗುಂಯ್‌ಗುಟ್ಟಿತು. ರಾತ್ರಿ ಪಾಳಿಗೆ ಜನ ಒದಗಿಸುವ ಏಜೆನ್ಸಿಯ ಮೆಸೇಜು. ಇಂದಿನಿಂದ ಪಾಳಿ ಇಲ್ಲ, ಬರಬೇಡಿ. ಏಜೆನ್ಸಿ ಮೂಲಕ ಬಂದ ಕೆಲಸಗಾರರಿಗೆ ಪರಿಹಾರ ಗಿರಿಹಾರ ಏನೂ ಇರುವುದಿಲ್ಲ.

ವ್ಯಾನಿನ ಹತ್ತಿರ ಬಂದಾಗ ದೊಡ್ಡಮ್ಮ ಕನ್ನಡಕ ಏರಿಸಿ ತನ್ನ ಫೋನು ಓದುತ್ತಿದ್ದಳು. ಅವಳಿಗೂ ಮೆಸೇಜು ಬಂದಿತ್ತು. ಹಗಲು ಪಾಳಿಯ ಹಳಬರು ಹೆದರಬೇಕಾಗಿಲ್ಲ, ನಿಮ್ಮ ಕೆಲಸ ಎಂದೆಂದಿಗೂ ಭದ್ರ. ನಾಳೆಯಿಂದ ರಾತ್ರಿಯ ಬಟ್ಟೆಯೂ ನಿಮಗೇ.

ಮಾನಿಹೆರ ತನ್ನ ಫೋನನ್ನು ಚಾಚಿದ. ದೊಡ್ಡಮ್ಮ ಅದನ್ನೂ ಓದಿದಳು. ಎರಡನ್ನೂ ಪಕ್ಕಪಕ್ಕ ಹಿಡಿದು ಇನ್ನೊಮ್ಮೆ ಓದಿದಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆ ಕೆಲಸ ನಿಂಗೇ ಸಿಗಬೇಕಿತ್ತು ಕಣೋ” ಅಂದಳು. “ಒಂದೇ ಉತ್ತರದಲ್ಲಿ ನನ್ನನ್ನೂ ಮುಗಿಸಿದೆ, ನಿನ್ನನ್ನೂ ಮುಗಿಸ್ಕೊಂಡೆ. ಇಷ್ಟು ಚೆನ್ನಾಗಿ ಆ ಮೇಲಿರೋರಿಗೂ ಬರಲ್ಲ.”